ಗುಮಟೆ ಹಾಡು ಕೇಳಬೇಕಾದರೆ ಡೊಳ್ಳು ಎಲ್ಲಿರಬೇಕು?

ಎರಡು ವರ್ಷದ ಹಿಂದಿನ ಮಾತು. ನಮ್ಮೂರ ಜಾತ್ರೆ, ಕೊಯ್ಲಾದ ಗದ್ದೆಬಯಲು. ಕರಾವಳಿ ಕಡೆಯಿಂದ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿನ ತಂಡ ಕರೆಸಿದ್ದೆವು. ಏಳು ಜನ. ಗುಮಟೆಯನ್ನು ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಘಟ್ಟ ಹತ್ತಿ ಬಂದವರು. ವೇದಿಕೆ ಹತ್ತಿಸಿ ಮೈಕ್ ಕೊಟ್ಟೆವು. ಎಡಕ್ಕೆ ಜನರೇಟರ್, ಬಲಕ್ಕೆ ತೊಟ್ಟಿಲು, ತೊಟ್ಟಿಲಿನವನ ಸಿನಿಮಾ ಹಾಡು. ಸಾಲದ್ದಕ್ಕೆ ಹಿಂದಿನ ಗದ್ದೆಯಲ್ಲಿ ಡೊಳ್ಳಿನವರ ತಾಲೀಮು. ಮುಕ್ಕಾಲು ಗಂಟೆ ಹಾಡಿದರು. ಮುಂದಿನ ಸಾಲಲ್ಲಿ ಕೂತ ನನಗೆ ಕಂಡದ್ದು ತುಟಿ ಅಲ್ಲಾಡುವುದಷ್ಟೆ.

ಹೊರಡುವಾಗ ತಂಡದ ಹಿರಿಯರು ಕವಳ ಹಾಕುತ್ತಾ ಹೇಳಿದರು: “ಹೆಗಡೇರೆ, ನಾವು ಹಾಡಿದ್ದು ನಮಗೇ ಕೇಳಲಿಲ್ಲ. ಮುಂದಿನ ವರ್ಷ ಕರೀಬೇಡಿ.” ಸಿಟ್ಟಿನಿಂದ ಹೇಳಿದ್ದರೆ ಬೇಜಾರಿರಲಿಲ್ಲ. ನಗುತ್ತಾ ಹೇಳಿದರು.

ತಪ್ಪು ನಮ್ಮದೇ. ಕಮಿಟಿಯಲ್ಲಿ ನಾನೂ ಇದ್ದೆ.

ಗುಮಟೆ ಎಂದರೆ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಬಲಗೈ ಬಡಿಯುತ್ತದೆ, ಎಡಗೈ ತೆರೆದ ಬಾಯಿಯನ್ನು ಮುಚ್ಚಿ, ಬಿಟ್ಟು ನಾದ ತಿರುಗಿಸುತ್ತದೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯಲ್ಲಿ ಉಡಕ್ಕೆ ರಕ್ಷಣೆ ಇರುವುದರಿಂದ ಈಗ ಆಡಿನ ಚರ್ಮ. ಇದು ಅಂಗಳದ ವಾದ್ಯ. ಸುತ್ತ ಐವತ್ತು ಜನ ಕೂತರೆ ಚೆಂದ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಹಾಲಕ್ಕಿ ಹಾಡುಗಳೂ ಗದ್ದೆಯಲ್ಲಿ, ಮದುವೆ ಮನೆಯಲ್ಲಿ ಹಾಡಿದಂಥವು. ದೊಡ್ಡ ವೇದಿಕೆಗೆ ಹುಟ್ಟಿದವಲ್ಲ.

ಡೊಳ್ಳು ಇದಕ್ಕೆ ತೀರಾ ಉಲ್ಟಾ. ಬೀರೇಶ್ವರನ ಒಕ್ಕಲಾದ ಕುರುಬರ ವಾದ್ಯ. ಒಂದು ಕಡೆ ಕೋಲು, ಒಂದು ಕಡೆ ಅಂಗೈ. ಹತ್ತು ಹನ್ನೆರಡು ಡೊಳ್ಳು ಒಟ್ಟಿಗೆ ಎದ್ದರೆ ಅದಕ್ಕೆ ಮೈಕ್ ಯಾಕೆ? ನಾವು ಅದಕ್ಕೂ ಎರಡು ಮೈಕ್ ಇಟ್ಟಿದ್ದೆವು!

ಕಳೆದ ವರ್ಷ ಜಾತ್ರೆಗೆ ತಿಂಗಳಿರುವಾಗಲೇ ನಾವು ನಾಲ್ಕು ಜನ ಗದ್ದೆಗಿಳಿದು ನಡೆದು ನೋಡಿದೆವು. ನಮ್ಮಲ್ಲಿ ಸಂಜೆಯ ಗಾಳಿ ಪಡುವಣದ್ದು. ಔಷಧಿ ಹೊಡೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಆದರೆ ಜಾತ್ರೆಗೆ ಆ ಬುದ್ಧಿ ಓಡಿರಲಿಲ್ಲ. ತೊಟ್ಟಿಲು, ಜನರೇಟರ್, ಡೊಳ್ಳು ಮೂರನ್ನೂ ಮೂಡಣ ತುದಿಗೆ ಹಾಕಿದೆವು. ಸದ್ದನ್ನು ಗಾಳಿಯೇ ಆಚೆ ಒಯ್ಯಲಿ. ಗುಮಟೆಗೆ ಪಡುವಣ ಬದಿಯ ಮಾವಿನ ಮರದ ಬುಡ. ಮೈಕ್ ಇಲ್ಲ, ವೇದಿಕೆ ಇಲ್ಲ, ನಾಲ್ಕು ಕಂಬಳಿ. ಎರಡು ಕಾರ್ಯಕ್ರಮ ಒಂದೇ ಹೊತ್ತಿಗೆ ಬೇಡ ಎಂದೂ ಆಯಿತು. ಹುಡುಗರು ಡಿಜೆ ಬೇಕೇ ಬೇಕು ಅಂದರು. ಒಂದು ಗಂಟೆ ಕೊಟ್ಟೆವು. ನನಗೆ ಡಿಜೆ ಮೇಲೆ ದ್ವೇಷ ಏನಿಲ್ಲ, ಎದೆ ನಡುಗುತ್ತದೆ ಅಷ್ಟೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ. ಹಾಗಾಗಿ ಸಂಜೆ ಐದಕ್ಕೇ ಶುರು.

ಇನ್ನೊಂದು ತಕರಾರು ಬೆಂಕಿಯದು. ಇಬ್ಬನಿ ಬಿದ್ದರೆ ಚರ್ಮ ಸಡಿಲಾಗಿ ವಾದ್ಯ ಡಬ್ ಡಬ್ ಅನ್ನುತ್ತದೆ. ಕಾಯಿಸಲೇಬೇಕು. ಹಿಂದಿನ ಸಲ ಪಕ್ಕದಲ್ಲಿ ಹುಲ್ಲು ಗೊಣಬೆ ಇದೆಯೆಂದು ಬೆಂಕಿ ಹಾಕಲು ಬಿಟ್ಟಿರಲಿಲ್ಲ. ಈ ಸಲ ಕತ್ತರಿಸಿದ ಅರ್ಧ ಡ್ರಮ್ಮಿನಲ್ಲಿ ತೆಂಗಿನ ಕರಟದ ಕೆಂಡ ಮಾಡಿಕೊಟ್ಟೆವು. ಪಕ್ಕದಲ್ಲಿ ಔಷಧಿ ಹೊಡೆಯುವ ಪಂಪಿಗೆ ನೀರು ತುಂಬಿ ಒಬ್ಬನನ್ನು ನಿಲ್ಲಿಸಿದೆವು. ಖರ್ಚು ಸೊನ್ನೆ.

ಯಲ್ಲಾಪುರ ಕಡೆಯ ಸಿದ್ದಿಗಳ ಡಮಾಮಿ ತಂಡವೂ ಬಂತು. ವಾದ್ಯಕ್ಕೂ ಕುಣಿತಕ್ಕೂ ಅದೇ ಹೆಸರು. ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರಾಗಿ ತಂದವರ, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಅವರಲ್ಲಿದ್ದಾರೆ. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಪೇಟೆಯವರು ‘ವರ್ಲ್ಡ್ ಮ್ಯೂಸಿಕ್’ ಎಂದು ಟಿಕೆಟ್ ತೆಗೆದು ಕೇಳುತ್ತಾರಲ್ಲ, ಅದು ನಮ್ಮ ತೋಟಕ್ಕೆ ಕೊನೆಕೊಯ್ಲಿಗೆ ಬರುವವರ ಮನೆಯಲ್ಲೇ ಇದೆ.

ಆ ಟಿಕೆಟ್ ಮೇಳಗಳಲ್ಲಿ ಹೆಸರಾದ ‘ವೊಮ್ಯಾಡ್’ ಮೊದಲು ನಡೆದದ್ದೂ ಒಂದು ಕೃಷಿಮೇಳದ ಬಯಲಲ್ಲೇ. 1982ರ ಜುಲೈ, ಇಂಗ್ಲೆಂಡಿನ ಶೆಪ್ಟನ್ ಮ್ಯಾಲೆಟ್. ಆಫ್ರಿಕಾದ ಬುರುಂಡಿಯ ನಗಾರಿ ತಂಡವೂ ಬಂದಿತ್ತು. ಸಂಗೀತ ಗೆದ್ದಿತು, ಲೆಕ್ಕ ಸೋತಿತು. ಆ ಸಾಲ ತೀರಿಸಲು, ಮೇಳ ಕಟ್ಟಿದ ಪೀಟರ್ ಗೇಬ್ರಿಯಲ್ ಅವರ ಹಳೆಯ ಬಳಗ ಅದೇ ಅಕ್ಟೋಬರಿನಲ್ಲಿ ಒಂದು ಸಹಾಯಾರ್ಥ ಕಛೇರಿ ಮಾಡಬೇಕಾಯಿತು. ನಮ್ಮಂಥ ಸಣ್ಣ ಕಮಿಟಿಯವರು ಇದನ್ನು ನೆನಪಿಡಬೇಕು. ಸಾಲ ಮಾಡಿ ಕರೆಸಿದರೆ ಕೊನೆಗೆ ಕಡಿತ ಬೀಳುವುದು ಕಲಾವಿದರ ಕೈಗೆ ಕೊಡುವುದರಲ್ಲೇ. ಈ ಸಲ ತಂಡದವರಿಗೆ ಬಸ್ ಖರ್ಚು ಮುಂಗಡ, ಉಳಿದದ್ದು ಹಾಡುವ ಮೊದಲೇ. ಹಾರ, ಶಾಲು, ನೆನಪಿನ ಕಾಣಿಕೆ ಬಿಟ್ಟೆವು. ಆ ದುಡ್ಡೂ ಅವರಿಗೇ ಹೋಯಿತು. ಅವರು ಬರುವುದೆಂದರೆ ಎರಡು ದಿನದ ಕೂಲಿ ಬಿಟ್ಟು ಬರುವುದು. ಶಾಲು ಹೊದ್ದರೆ ಆ ಲೆಕ್ಕ ಮುಗಿಯುವುದಿಲ್ಲ.

ಎಲ್ಲವೂ ಸರಿಯಾಯಿತು ಎನ್ನಲಾರೆ. ನಾವು ಕಳಿಸಿದ ಜೀಪು ದಾರಿಯಲ್ಲಿ ಕೆಟ್ಟು ಡಮಾಮಿ ತಂಡ ತಲುಪಿದ್ದು ಒಂಬತ್ತೂಕಾಲಿಗೆ. ಮುಕ್ಕಾಲು ಗಂಟೆಯಲ್ಲಿ ನಿಲ್ಲಿಸಿ ಅನ್ನಬೇಕಾಯಿತು. ಹೇಳಲು ಹೋದವನು ನಾನೇ. ಕುಣಿಯುತ್ತಿದ್ದ ಹೆಂಗಸರ ನಡುವೆ ನಮ್ಮೂರ ಏಳೆಂಟು ಅತ್ತೆ ಸೊಸೆಯರೂ ಸೇರಿಕೊಂಡಿದ್ದರು. “ನಿಂಗೆ ಬೇರೆ ಕೆಲಸ ಇಲ್ಯನಾ?” ಅಂತ ನಮ್ಮ ಅತ್ತಿಗೆಯೇ ಬೈದಳು.

ಗುಮಟೆಯವರನ್ನು ಒಪ್ಪಿಸಲು ಮೂರು ಸಲ ಫೋನು ಮಾಡಬೇಕಾಗಿತ್ತು. ಬಂದರು. ಮರದಡಿಯಲ್ಲಿ ಮೊದಲಿಗೆ ಇದ್ದದ್ದು ಇಪ್ಪತ್ತು ಜನ. ಮುಗಿಯುವಾಗ ಮಕ್ಕಳು ಮರದ ಮೇಲೂ ಇದ್ದರು. ಹಿರಿಯರು ಈ ಸಲ ಎರಡು ತಾಸು ಹಾಡಿದರು, ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಹೋದ ವಾರ ತೊಟ್ಟಿಲಿನವನು ಮನೆಗೆ ಬಂದಿದ್ದ. ಬರುವ ಜಾತ್ರೆಗೆ ಮಾವಿನ ಮರದ ಬದಿಯ ಜಾಗ ಕೊಟ್ಟರೆ ನೆಲಬಾಡಿಗೆ ಒಂದೂವರೆ ಪಟ್ಟು ಕೊಡುತ್ತಾನಂತೆ. ಕಮಿಟಿಯಲ್ಲಿ ಅರ್ಧ ಜನಕ್ಕೆ ಮನಸ್ಸಿದೆ. ಸಭೆ ಬರುವ ಭಾನುವಾರ.