ಸಕ್ಕರೆ ಕಾಯಿಲೆ ಮತ್ತು ಅರ್ಧ ಕಂಡವರ ಮಾತು

ಟೈಪ್ 2 ಮಧುಮೇಹ ಇರುವವರು ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಎರಡು ಕಡೆಯಿಂದ ಎರಡು ಮಾತು ಬರುತ್ತವೆ. ಬಲಗಡೆ ಕೂತವರು, "ಶುಭಕಾರ್ಯ, ಒಂದು ಹೋಳಿಗೆಗೆ ಏನೂ ಆಗಲ್ಲ, ಹಾಕಿಸ್ಕೊಳ್ಳಿ" ಎಂದು ಒತ್ತಾಯ ಮಾಡುತ್ತಾರೆ. ಎಡಗಡೆಯವರು ಎಲೆಯ ಕಡೆ ನೋಡಿ, "ಶುಗರ್ ಇಟ್ಕೊಂಡು ಇಷ್ಟು ಅನ್ನ ಹಾಕಿಸ್ಕೊಂಡ್ರಾ?" ಎಂದು ಹುಬ್ಬೇರಿಸುತ್ತಾರೆ. ಕೈ ತೊಳೆಯುವ ಹೊತ್ತಿಗೆ ಮೂರನೆಯವರು ಸಿಕ್ಕಿ, ಯಾರೋ ಹಾಗಲಕಾಯಿ ರಸ ಕುಡಿದು ಮಾತ್ರೆಯನ್ನೇ ಬಿಟ್ಟ ಕತೆ ಹೇಳುತ್ತಾರೆ. ಮೂವರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಮೂವರ ಮಾತಿನ ತಳದಲ್ಲೂ ಒಂದೇ ನಂಬಿಕೆ ಇದೆ: ಈ ಕಾಯಿಲೆ ನಾಲಿಗೆಯ ತಪ್ಪಿನಿಂದ ಬಂದದ್ದು, ಮನಸ್ಸು ಗಟ್ಟಿ ಮಾಡಿದರೆ ಹೋಗುವಂಥದ್ದು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹ ಇರುವವರು 10.1 ಕೋಟಿ. ಅವರಲ್ಲಿ ಹೆಚ್ಚಿನವರದು ಟೈಪ್ 2. ಇಷ್ಟು ಮನೆಗಳಲ್ಲಿರುವ ಕಾಯಿಲೆಯ ಬಗ್ಗೆ ಎಲ್ಲರ ಬಳಿಯೂ ಒಂದು ಅಭಿಪ್ರಾಯ ಇರುವುದು ಸಹಜ. ಆ ಅಭಿಪ್ರಾಯಗಳನ್ನು ಬಿಡಿಸಿ ನೋಡಿದರೆ, ಬಹುತೇಕ ಎಲ್ಲದರ ಹಿಂದೆಯೂ ಯಾರೋ ಕಣ್ಣಾರೆ ಕಂಡ ಸಂಗತಿ ಒಂದಿರುತ್ತದೆ. ಕಂಡದ್ದು ನಿಜ, ಅದಕ್ಕೆ ಹೊಂದಿಸಿದ ಕಾರಣ ತಪ್ಪು. ಕಾಣದೆ ಉಳಿದ ಅರ್ಧ ಏನೆಂದು ಕಾಯಿಲೆ ಇರುವವರಿಗೆ ಗೊತ್ತಿದ್ದರೆ ಅಂಥ ಮಾತು ಬಂದಾಗ ಕುಗ್ಗಬೇಕಾಗಿಲ್ಲ, ಜಗಳಕ್ಕೂ ನಿಲ್ಲಬೇಕಾಗಿಲ್ಲ.

"ಸಿಹಿ ತಿಂದೂ ತಿಂದೂ ಬಂತು"

ಮೊದಲು ಇದರಲ್ಲಿರುವ ನಿಜವನ್ನು ಒಪ್ಪಿಕೊಳ್ಳೋಣ. ಮೈತೂಕ, ಅದರಲ್ಲೂ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಹೆಚ್ಚಿದಂತೆ ಟೈಪ್ 2 ಬರುವ ಸಂಭವ ಹೆಚ್ಚುತ್ತದೆ. ಕೂತೇ ಮಾಡುವ ಕೆಲಸ, ಸಕ್ಕರೆ ತುಂಬಿದ ಪಾನೀಯಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ. ಆದರೆ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿರುವುದನ್ನೂ ನಾವು ನೋಡಿದ್ದೇವೆ.

ಕಾರಣ ಮೇದೋಜೀರಕ ಗ್ರಂಥಿಯಲ್ಲಿದೆ. ಅಲ್ಲಿನ ಬೀಟಾ ಕೋಶಗಳು ತಯಾರಿಸುವ ಇನ್ಸುಲಿನ್ ರಕ್ತದಲ್ಲಿರುವ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಸೇರಿಸಲು ಬೇಕು. ಈ ಅಂಗಾಂಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೆ ಹೋದಾಗ ಬೀಟಾ ಕೋಶಗಳು ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತವೆ. ವರ್ಷಗಟ್ಟಲೆ ಹೀಗೇ ನಡೆಯಬಹುದು. ರಕ್ತಪರೀಕ್ಷೆಯಲ್ಲೂ ಏನೂ ಕಾಣದೆ ಇರಬಹುದು. ಆ ಕೋಶಗಳು ಇನ್ನು ಸರಿದೂಗಿಸಲಾರೆವು ಎಂಬ ಹಂತಕ್ಕೆ ಬಂದ ಮೇಲೆ ಸಕ್ಕರೆಯ ಮಟ್ಟ ಏರುತ್ತದೆ. ಯಾರ ಬೀಟಾ ಕೋಶಗಳು ಎಷ್ಟು ಕಾಲ ತಾಳುತ್ತವೆ ಎಂಬುದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಈ ಕಾಯಿಲೆಗೆ ನಂಟಿರುವ ನೂರಾರು ಜಾಗಗಳನ್ನು ವಿಜ್ಞಾನಿಗಳು ಮನುಷ್ಯನ ಡಿಎನ್ಎಯಲ್ಲಿ ಗುರುತಿಸಿದ್ದಾರೆ.

"ನೀವು ತೆಳ್ಳಗಿದ್ದೀರಿ, ನಿಮಗೆ ಹೇಗೆ ಬಂತು?" ಎಂಬ ಪ್ರಶ್ನೆಗೆ ಉತ್ತರವಾಗಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ದೇಹಗಳನ್ನೇ ಮುಂದಿಟ್ಟರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತ ಫೋಟೊ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮಲ್ಲಿ ಅನೇಕರ ಮೈ ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ.

ಇದರ ಬೇರು ಹುಟ್ಟಿಗಿಂತಲೂ ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಮೈಸೂರಿನಲ್ಲೇ ಸಾಕ್ಷ್ಯವಿದೆ. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ನಡುವಯಸ್ಸಿಗೆ ಬಂದಿದ್ದ ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸಿತು. ಬಸುರಿನಲ್ಲಿ ಮಧುಮೇಹ ಕಾಣಿಸಿಕೊಂಡ ತಾಯಂದಿರ ಹೆಣ್ಣುಮಕ್ಕಳ ಚರ್ಮದಡಿಯಲ್ಲಿ ಐದು ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ತಾಯ ಗರ್ಭದಲ್ಲೇ ಒಂದಿಷ್ಟು ತೀರ್ಮಾನವಾಗಿರುವ ಕಾಯಿಲೆಗೆ ಐವತ್ತರ ವಯಸ್ಸಿನಲ್ಲಿ ತಿಂದ ಜಿಲೇಬಿಯನ್ನು ಮಾತ್ರ ಹೊಣೆ ಮಾಡಲಾಗದು.

"ರಾತ್ರಿ ಏನೋ ತಿಂದಿರ್ತೀಯ"

ಬೆಳಗಿನ ಆರು ಗಂಟೆ. ತಾಯಿ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸುತ್ತಾಳೆ. ಗ್ಲೂಕೋಮೀಟರ್ 168 ತೋರಿಸುತ್ತದೆ. ರಾತ್ರಿ ಮಲಗುವಾಗ 131 ಇತ್ತು. ಮಗಳು ಕೇಳುತ್ತಾಳೆ: "ಅಮ್ಮಾ, ನಿಜ ಹೇಳು, ರಾತ್ರಿ ಎದ್ದು ಏನ್ ತಿಂದೆ?" ತಾಯಿ ತಿಂದದ್ದು ಏನೂ ಇಲ್ಲ, ಆದರೆ ಯಂತ್ರದ ಮುಂದೆ ಅವಳ ಮಾತು ಸುಳ್ಳಾಗಿ ಕಾಣುತ್ತದೆ.

ಮಗಳು ಕಂಡ ಅಂಕಿ ಸರಿ. ಸಕ್ಕರೆ ಊಟದಿಂದ ಮಾತ್ರ ಬರುತ್ತದೆಂದು ತಿಳಿದದ್ದು ತಪ್ಪು. ನಮ್ಮ ಯಕೃತ್ತು ಮನೆಯ ಉಗ್ರಾಣದ ಹಾಗೆ. ಉಂಡಾಗ ಗ್ಲೂಕೋಸನ್ನು ಕೂಡಿಡುತ್ತದೆ, ಉಪವಾಸದಲ್ಲಿ ಹೊರಗೆ ಕೊಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ಹಾಗಿಲ್ಲದಿದ್ದರೆ ರಾತ್ರಿಯಿಡೀ ಮಿದುಳಿಗೆ ಆಹಾರ ಎಲ್ಲಿಂದ? ನಸುಕಿನಲ್ಲಿ ದೇಹ ಏಳಲು ಸಿದ್ಧವಾಗುವಾಗ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಏರಿ, ಯಕೃತ್ತಿನಿಂದ ಹೆಚ್ಚು ಗ್ಲೂಕೋಸ್ ಹೊರಬರುತ್ತದೆ. ಎಲ್ಲರಲ್ಲೂ ಇದು ನಡೆಯುತ್ತದೆ. ಮಧುಮೇಹ ಇಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಅದಕ್ಕೆ ತಡೆ ಹಾಕುತ್ತದೆ, ಇರುವವರಲ್ಲಿ ಆ ತಡೆ ಸಾಲದು. ಜ್ವರ, ನಿದ್ದೆಗೇಡು, ಆತಂಕ, ಸ್ಟೀರಾಯ್ಡ್ ಮಾತ್ರೆಗಳೂ ಒಂದು ತುತ್ತು ಹೆಚ್ಚಿಗೆ ತಿನ್ನದೆಯೇ ಸಕ್ಕರೆ ಏರಿಸುತ್ತವೆ.

ಆದ್ದರಿಂದ ಒಂದು ಬೆಳಗಿನ ಅಂಕಿಯಿಂದ ಯಾರ ನಡತೆಯನ್ನೂ ಅಳೆಯಬಾರದು. ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣಗಳಿಗೆ ಅಂಟಿದ ಗ್ಲೂಕೋಸನ್ನು ಲೆಕ್ಕ ಹಾಕಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಚಿಕಿತ್ಸೆ ಬದಲಿಸಬೇಕೆ ಎಂದು ವೈದ್ಯರು ಮುಖ್ಯವಾಗಿ ನೋಡುವುದು ಅದನ್ನು. ಮನೆಯ ಅಂಕಿಗಳು ಅದಕ್ಕೆ ಪೂರಕ.

ಬೆಲ್ಲ, ರಾಗಿ, ಹಾಗಲಕಾಯಿ

"ಸಕ್ಕರೆ ಬೇಡ, ಬೆಲ್ಲ ಹಾಕಿದ್ದೀನಿ, ಕುಡೀರಿ." ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ. ಆದರೆ ಅದರ ಹೆಚ್ಚಿನ ಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ರಕ್ತಕ್ಕೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಗೊತ್ತಾಗದು.

ರಾಗಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ, ನಾರು ಸುಮಾರು 11 ಗ್ರಾಂ. ಬಿಳಿ ಅಕ್ಕಿಯಲ್ಲಿ ಶರ್ಕರಪಿಷ್ಟ 78 ಗ್ರಾಂ, ನಾರು 3 ಗ್ರಾಮಿನ ಆಸುಪಾಸು. ನಾರಿನಲ್ಲಿ ರಾಗಿ ಮುಂದಿದೆ, ಹಾಗಾಗಿ ರಾಗಿಯನ್ನು ಹೊಗಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ದೊಡ್ಡ ಮುದ್ದೆ ಎರಡು ಉಂಡರೆ ಹೊಟ್ಟೆ ಸೇರುವ ಪಿಷ್ಟವೂ ಕಡಿಮೆ ಏನಲ್ಲ. ಹಿಟ್ಟು ನುಣ್ಣಗಾದಷ್ಟೂ ಜೀರ್ಣ ಬೇಗ. ಅನ್ನವೋ ಮುದ್ದೆಯೋ ಎಂಬುದಕ್ಕಿಂತ ಎಷ್ಟು, ಜೊತೆಗೆ ಕಾಳು, ಸೊಪ್ಪು ಎಷ್ಟು ಎಂಬುದು ಮುಖ್ಯ. ಅಳತೆಯಲ್ಲಿ ಬಡಿಸಿಕೊಂಡ ಅನ್ನ ಅಪರಾಧವಲ್ಲ.

ಗಿಡಮೂಲಿಕೆಯಲ್ಲಿ ಔಷಧವೇ ಇಲ್ಲ ಎಂದು ಹೇಳುವವರೂ ತಪ್ಪುತ್ತಾರೆ. ಇಂದು ಕೋಟ್ಯಂತರ ಜನ ನುಂಗುವ ಮೆಟ್‌ಫಾರ್ಮಿನ್ನಿನ ಮೂಲ ಗಲೇಗಾ ಅಫಿಸಿನಾಲಿಸ್ ಎಂಬ ಯೂರೋಪಿನ ಗಿಡದಲ್ಲಿದೆ. ಅದರಲ್ಲಿದ್ದ ಸಂಯುಕ್ತ ವಿಷಕಾರಿ ಎಂದು ಗೊತ್ತಾಗಿ, ಅದೇ ಬಗೆಯ ಸುರಕ್ಷಿತ ಸಂಯುಕ್ತಗಳನ್ನು ಹುಡುಕಿ, ಪ್ರಮಾಣ ಗೊತ್ತುಮಾಡಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ರೋಗಿಗಳಲ್ಲಿ ಮೆಟ್‌ಫಾರ್ಮಿನ್ನಿನ ಫಲ ವರದಿ ಮಾಡಿದರು. ಹಿತ್ತಲ ಇನ್ಸುಲಿನ್ ಗಿಡದ ಎಲೆಗೆ ಇಂಥ ಪರೀಕ್ಷೆಯ ಬಲವಿಲ್ಲ. ಹೆಸರಿನಲ್ಲಿ ಇನ್ಸುಲಿನ್ ಇದ್ದ ಮಾತ್ರಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಇನ್ಸುಲಿನ್ ಒಂದು ಪ್ರೋಟೀನ್. ಬಾಯಿಂದ ತಿಂದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಚುಚ್ಚಿಕೊಳ್ಳುವುದು. ಹಾಗಲಕಾಯಿ ಪಲ್ಯ ಒಳ್ಳೆಯ ತರಕಾರಿಯೇ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದಾಗ ಅಪಾಯ ಶುರುವಾಗುತ್ತದೆ.

"ಇನ್ಸುಲಿನ್ ಅಂದ್ರೆ ಲಾಸ್ಟ್ ಸ್ಟೇಜ್"

ಬಹಳ ಹಾನಿ ಮಾಡುವ ನಂಬಿಕೆ ಇದು. ಇದರಲ್ಲೂ ಕಂಡದ್ದು ಸುಳ್ಳಲ್ಲ. ದೊಡ್ಡಪ್ಪನಿಗೆ ಇನ್ಸುಲಿನ್ ಶುರುವಾಯಿತು, ವರ್ಷದೊಳಗೆ ಕಾಲಿನ ಬೆರಳು ತೆಗೆದರು, ಕಣ್ಣು ಮಂಜಾಯಿತು. ಮನೆಯವರ ನೆನಪಿನಲ್ಲಿ ಇವು ಸೂಜಿಗೆ ಅಂಟಿಕೊಂಡವು. ನಿಜದಲ್ಲಿ ಅದಕ್ಕೂ ಹಿಂದಿನ ಎಷ್ಟೋ ವರ್ಷ ಸಕ್ಕರೆ ಹೆಚ್ಚೇ ಇದ್ದು ನರ, ರಕ್ತನಾಳಗಳು ಹಾಳಾಗಿದ್ದವು. ಹೆದರಿ ಮುಂದೂಡಿದ ಇನ್ಸುಲಿನ್ ತಡವಾಗಿ ಬಂದಿತ್ತು.

ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ, ಹೊಸದಾಗಿ ಟೈಪ್ 2 ಪತ್ತೆಯಾದ 5,102 ಜನರನ್ನು ಹಿಂಬಾಲಿಸಿದ ಯುಕೆಪಿಡಿಎಸ್ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. 1998ರಲ್ಲಿ ಬಂದ ಅದರ ಫಲಿತಾಂಶದಂತೆ ಮಾತ್ರೆ ಅಥವಾ ಇನ್ಸುಲಿನ್ನಿನಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡ ಮುಂತಾದೆಡೆಯ ಸಣ್ಣ ರಕ್ತನಾಳಗಳ ತೊಂದರೆ ಶೇ 25ರಷ್ಟು ಕಡಿಮೆಯಾಯಿತು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಅರ್ಧದಷ್ಟು ಕುಗ್ಗಿರುತ್ತದೆ, ಆಮೇಲೂ ಇಳಿಯುತ್ತ ಹೋಗುತ್ತದೆ ಎಂಬುದೂ ಅದರಿಂದ ತಿಳಿಯಿತು. ಮಾತ್ರೆ ಹೆಚ್ಚಿದರೆ, ಇನ್ಸುಲಿನ್ ಬೇಕಾದರೆ, ಅದು ರೋಗಿ ಸೋತದ್ದರ ಗುರುತಲ್ಲ. ಕಾಯಿಲೆಯ ನಡೆಯೇ ಹಾಗೆ.

"ಮಾತ್ರೆಯಿಂದ ಕಿಡ್ನಿ ಹೋಗುತ್ತೆ" ಎಂಬುದೂ ಇದೇ ಬಗೆಯದು. ಮೂತ್ರಪಿಂಡದ ಶಕ್ತಿ ತೀರಾ ಇಳಿದಾಗ ವೈದ್ಯರು ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ, ಏಕೆಂದರೆ ಅದು ದೇಹದಿಂದ ಹೊರಹೋಗಲಾರದೆ ಉಳಿಯುತ್ತದೆ. ನಿಲ್ಲಿಸಿದ್ದನ್ನು ಕಂಡವರು ಕೆಡಿಸಿದ್ದೇ ಅದು ಎಂದುಕೊಂಡರು. ಕೆಡಿಸಿದ್ದು ಹತೋಟಿ ಇಲ್ಲದ ಸಕ್ಕರೆ ಮತ್ತು ರಕ್ತದೊತ್ತಡ.

"ಅವರು ವಾಸಿ ಮಾಡ್ಕೊಂಡ್ರು, ನಿಮಗೇನು?"

ಕೆಲವರಲ್ಲಿ ಔಷಧವಿಲ್ಲದೆ ಸಕ್ಕರೆ ಸಹಜ ಮಟ್ಟಕ್ಕೆ ಬರುವುದು ನಿಜ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಕಟ್ಟುನಿಟ್ಟಿನ ಆಹಾರವನ್ನು ಮೂರರಿಂದ ಐದು ತಿಂಗಳು ಪಾಲಿಸಿದವರ ಗುಂಪಿನಲ್ಲಿ ಶೇ 46ರಷ್ಟು ಜನ ಒಂದು ವರ್ಷಕ್ಕೆ ಆ ಸ್ಥಿತಿ ತಲುಪಿದ್ದರು. ಎರಡು ವರ್ಷಕ್ಕೆ ಉಳಿದದ್ದು ಶೇ 36. ಅವರೆಲ್ಲ ತೂಕ ಹೆಚ್ಚಿದ್ದ, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಜನ. ಅಷ್ಟು ಕಟ್ಟುನಿಟ್ಟಿನ ನಡುವೆಯೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಗಲಿಲ್ಲ. ವೈದ್ಯರ ಜೊತೆ ಕೂತು ಪ್ರಯತ್ನಿಸಲು ಇದು ಒಳ್ಳೆಯ ಕಾರಣ. ಹದಿನೈದು ವರ್ಷದ ಮಧುಮೇಹಿಯನ್ನು ಹಂಗಿಸಲು ಕಾರಣವಲ್ಲ.

ದೂಷಣೆಯ ಬೆಲೆ

ಈ ಮಾತುಗಳ ಭಾರ ಬರೀ ಮನಸ್ಸಿನ ಮೇಲೆ ಬೀಳುವುದಿಲ್ಲ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು ಮಧುಮೇಹದ ಜೊತೆ ಬದುಕುವುದರ ದಣಿವನ್ನು ಅಳೆಯಲು 24 ಪ್ರಶ್ನೆಗಳ ಪಟ್ಟಿ ಮಾಡಿದರು. ಪಥ್ಯ ತಪ್ಪಿದಾಗಿನ ಅಪರಾಧಿ ಭಾವ, ಮನೆಯವರ ಬೆಂಬಲ ಸಿಗದಿರುವುದು ಅದರಲ್ಲಿ ಸೇರಿವೆ. ಈ ದಣಿವು ಹೆಚ್ಚಿದವರಲ್ಲಿ ಸಕ್ಕರೆಯ ಹತೋಟಿಯೂ ಸಡಿಲವಾಗಿರುವುದು ಮುಂದಿನ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡಿದೆ.

ನಾಚಿಕೆಯಾದರೆ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಕಚೇರಿಯಲ್ಲಿ ಊಟ ತಡವಾದರೂ ಬಾಯಿಬಿಡುವುದಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರಲ್ಲಿ ಆಗ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ಕೈ ನಡುಕ, ಎದೆಬಡಿತ, ಮಾತು ತಡವರಿಸುವುದು ಶುರುವಾಗಬಹುದು. ತಕ್ಷಣ ಮೂರು ಟೀಚಮಚ ಸಕ್ಕರೆ ಕದಡಿದ ನೀರು ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಅದೇ ಹೊತ್ತಿಗೆ ಸಹೋದ್ಯೋಗಿ, "ಶುಗರ್ ಇರೋರು ಸಕ್ಕರೆ ತಿಂತಿದ್ದೀರಲ್ಲ!" ಎಂದು ಲೋಟ ಕಸಿದುಕೊಂಡರೆ ಅರ್ಧ ತಿಳಿವಳಿಕೆ ಜೀವಕ್ಕೇ ಕುತ್ತಾದೀತು.

ಯಾರಿಗೆ ಎಷ್ಟು ಹೇಳಬೇಕು

ಎಲ್ಲರಿಗೂ ಎಲ್ಲವನ್ನೂ ವಿವರಿಸುವ ಹೊಣೆ ಕಾಯಿಲೆ ಇರುವವರದಲ್ಲ. ದಾರಿಹೋಕರ ಸಲಹೆಗೆ, "ನಮ್ಮ ಡಾಕ್ಟರು ಹೇಳಿದ ಹಾಗೆ ನಡೀತಿದೆ, ಚೆನ್ನಾಗಿದ್ದೀನಿ" ಎಂಬಷ್ಟು ಸಾಕು. ಜೊತೆಗೆ ಕೆಲಸ ಮಾಡುವವರಲ್ಲಿ ಒಬ್ಬಿಬ್ಬರಿಗಾದರೂ ಸಕ್ಕರೆ ಇಳಿದಾಗ ಏನು ಕೊಡಬೇಕು, ಸಕ್ಕರೆ ಪೊಟ್ಟಣ ಎಲ್ಲಿದೆ ಎಂದು ಹೇಳಿಟ್ಟಿರಬೇಕು. ಮನೆಯವರ ಜೊತೆ ಮಾತ್ರ ಪೂರ್ತಿ ಮಾತು ಬೇಕು. ಒಮ್ಮೆ ಅವರನ್ನೂ ವೈದ್ಯರ ಬಳಿ ಕರೆದೊಯ್ದರೆ ಹತ್ತು ಜಗಳ ತಪ್ಪುತ್ತವೆ. "ನೀವು ಕಂಡದ್ದು ಸರಿ, ಆದರೆ ಕಾರಣ ಬೇರೆ" ಎಂದು ಶುರುಮಾಡಿದರೆ ಹಿರಿಯರೂ ಕೇಳಿಸಿಕೊಳ್ಳುತ್ತಾರೆ. ಜೊತೆಗೆ ಬೇಕಾದದ್ದನ್ನು ನೇರವಾಗಿ ಕೇಳಬಹುದು: ಸಂಜೆ ನನ್ನ ಜೊತೆ ವಾಕ್ ಬನ್ನಿ, ಮನೆಗೆಲ್ಲ ಒಂದೇ ಅಡುಗೆ ಇರಲಿ, ಎಣ್ಣೆ, ಪಿಷ್ಟ ಕಡಿಮೆ ಮಾಡೋಣ, ನನ್ನ ತಟ್ಟೆ ಕಾಯಬೇಡಿ.

ಇದು ಕಾಯಿಲೆ ಬಂದವರ ನೆಮ್ಮದಿಯ ಪ್ರಶ್ನೆ ಮಾತ್ರವೂ ಅಲ್ಲ. ಅದೇ ಇಂಡಿಯಾಬ್ ಸಮೀಕ್ಷೆಯಂತೆ ಮಧುಮೇಹದ ಅಂಚಿನಲ್ಲಿರುವ ಭಾರತೀಯರು 13.6 ಕೋಟಿ. ಇಂಥವರು ಊಟ, ನಡಿಗೆ ತಿದ್ದಿಕೊಂಡರೆ ಕಾಯಿಲೆ ಬರುವ ಸಂಭವ ಶೇ 28ರಷ್ಟು ತಗ್ಗುತ್ತದೆಂದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನ ತೋರಿಸಿದೆ. ಆದರೆ ಅದಕ್ಕೆ ಮೊದಲು ಅವರು ರಕ್ತ ಪರೀಕ್ಷೆಗೆ ಹೋಗಬೇಕು. ಕಾಯಿಲೆ ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನು ಅವರು ನೋಡುತ್ತಿರುತ್ತಾರೆ. ಬಯ್ಗುಳವೇ ಕಂಡರೆ ಪರೀಕ್ಷೆಯನ್ನು ಮುಂದೂಡುತ್ತಾರೆ, ಗೌರವ ಕಂಡರೆ ಬೇಗ ಹೋಗುತ್ತಾರೆ.