ಪಯಣಿಗನ ಗಂಟು

ಹಿಂದೆ ದೂರದ ಊರಿಗೆ ಹೊರಟವರು ಬುತ್ತಿಯ ಗಂಟಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ದಾರಿಯಲ್ಲಿ ಏನು ಸಿಗುವುದು, ಏನು ಸಿಗದು ಎಂಬ ವಿವೇಚನೆ ಆ ಗಂಟಿನ ಹಿಂದೆ ಇರುತ್ತಿತ್ತು. ಮೋಟಾರುಸೈಕಲ್ಲಿನಲ್ಲಿ ದೀರ್ಘ ಪ್ರಯಾಣ ಕೈಗೊಳ್ಳುವವನಿಗೂ ಈ ವಿವೇಚನೆ ಬೇಕು.

ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ನಗರಕ್ಕೆ ಹೋಗುವ ಹೆದ್ದಾರಿ ಇದಕ್ಕೊಂದು ನಿದರ್ಶನ. ನಾನೂರು ಕಿಲೋಮೀಟರಿಗೂ ಮೀರಿದ ಈ ಮಾರ್ಗದಲ್ಲಿ ಜನವಸತಿ ವಿರಳ. ತಾಂಡಿಯ ಪೆಟ್ರೋಲ್ ಬಂಕಿನ ಬಳಿ, ಮುಂದಿನ ಬಂಕು 365 ಕಿ.ಮೀ. ದೂರದಲ್ಲಿದೆಯೆಂದು ಎಚ್ಚರಿಸುವ ಫಲಕವೊಂದು ಬಹುಕಾಲ ಇತ್ತು. ಹದಿಮೂರು ಲೀಟರು ಹಿಡಿಯುವ, ಲೀಟರಿಗೆ 30 ಕಿ.ಮೀ. ಓಡುವ ವಾಹನ ಲೆಕ್ಕದಂತೆ 390 ಕಿ.ಮೀ. ಹೋಗಬಲ್ಲುದು. ಆದರೆ ಏರುದಾರಿಯಲ್ಲಿ ಆ ಓಟ 25ಕ್ಕೆ ಇಳಿದರೆ, 325 ಕಿ.ಮೀ. ಮುಗಿಯುತ್ತಲೇ ವಾಹನ ನಿಲ್ಲುವುದು. ಇಂಥ ದಾರಿಗೆ ಹೆಚ್ಚಿನ ಪೆಟ್ರೋಲು ಬೇಕೆಂಬುದನ್ನು ಈ ಗಣಿತವೇ ಹೇಳುತ್ತದೆ.

ಉಳಿದ ಸಾಮಗ್ರಿಗಳನ್ನು ಆರಿಸಲು ಮೂರು ಪ್ರಶ್ನೆಗಳು ಸಾಕು. ಈ ಆಪತ್ತು ಬರುವ ಸಂಭವವೆಷ್ಟು? ಬಂದರೆ ಆಗುವ ಹಾನಿಯೆಷ್ಟು? ನೆರವು ಎಷ್ಟು ದೂರದಲ್ಲಿದೆ? ಚಕ್ರ ಪಂಕ್ಚರ್ ಆಗುವುದು ಸಾಮಾನ್ಯ. ಆದುದರಿಂದ ಟ್ಯೂಬುಳ್ಳ ಚಕ್ರಕ್ಕೆ ಬದಲಿ ಟ್ಯೂಬು, ಟೈರು ಬಿಚ್ಚುವ ಸಲಾಕೆ, ಗಾಳಿಪಂಪು ಇರಲೇಬೇಕು. ಕ್ಲಚ್ಚಿನ ಕೇಬಲ್ಲು ತುಂಡಾಗುವುದು ಅಪರೂಪ. ಆದರೂ ಅದರ ಭಾರ ಅಲ್ಪ, ಅದಿಲ್ಲದೆ ಗೇರು ಬದಲಿಸುವುದು ಕಷ್ಟ. ಆದ್ದರಿಂದ ಅದಕ್ಕೂ ಸ್ಥಳ ಸಲ್ಲುತ್ತದೆ. ದಾರಿಬದಿಯಲ್ಲಿ ಜೋಡಿಸಲಾಗದ ಎಂಜಿನ್ನಿನ ಭಾರದ ಭಾಗಗಳನ್ನು ಹೊತ್ತು ಫಲವಿಲ್ಲ.

ಬಳಸಲು ಬಾರದ ಉಪಕರಣ ಬರಿಯ ಹೊರೆ. ಆದಕಾರಣ ಅನುಭವಿಗಳು ಹೊರಡುವ ಮೊದಲು ಮನೆಯ ಅಂಗಳದಲ್ಲೇ ಚಕ್ರ ಬಿಚ್ಚಿ ಜೋಡಿಸಿ ನೋಡುತ್ತಾರೆ. ಇಡುವ ಕ್ರಮವೂ ಮುಖ್ಯವಾದುದು. ಭಾರದ ವಸ್ತುಗಳು ಕೆಳಗೆ, ವಾಹನದ ನಡುಭಾಗಕ್ಕೆ ಸಮೀಪದಲ್ಲಿದ್ದರೆ ತೋಲನ ಕೆಡದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮಾತ್ರ ಎಲ್ಲಕ್ಕಿಂತ ಮೇಲಿರಬೇಕು. ಸಂಗಡಿಗನ ಗಾಯದಿಂದ ರಕ್ತ ಹರಿಯುತ್ತಿರುವಾಗ, ಹಗ್ಗ ಬಿಚ್ಚಿ ಬಟ್ಟೆಗಳಡಿಯಲ್ಲಿ ಪಟ್ಟಿಯನ್ನು ಹುಡುಕುವ ಪ್ರತಿ ನಿಮಿಷವೂ ಜೀವಕ್ಕೆ ಎರವಾಗಬಹುದು.

ಗಂಟಿನಲ್ಲಿ ಕಟ್ಟಲಾಗದ ಸಾಧನವೂ ಒಂದುಂಟು. ಇದೇ ಮಾರ್ಗದ ತಂಗ್ಲಾಂಗ್ ಲಾ ಕಣಿವೆದಾರಿ 5,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ವಿರಳ ಗಾಳಿಯಲ್ಲಿ ತಲೆನೋವು, ವಾಂತಿ ತಲೆದೋರಿ ಉಲ್ಬಣಿಸಿದರೆ, ನಡಿಗೆ ತೊದಲಿದರೆ, ತಗ್ಗಿನ ಪ್ರದೇಶಕ್ಕೆ ಇಳಿಯುವುದೇ ಮುಖ್ಯ ಚಿಕಿತ್ಸೆ. ಗುರಿ ಸಮೀಪದಲ್ಲಿದ್ದರೂ ಹಿಂದಿರುಗುವ ನಿರ್ಧಾರಕ್ಕೆ ಧೈರ್ಯ ಬೇಕು. ಆ ಧೈರ್ಯವನ್ನು ಮನೆಯಿಂದಲೇ ಜೊತೆಗೊಯ್ದವನು ಮನೆಗೆ ಕ್ಷೇಮವಾಗಿ ಮರಳುತ್ತಾನೆ.