ಹದಿನೇಳು ರೋಗಿಗಳ ರಕ್ತ

ಈ ಕಾಯಿಲೆ ಒಂದೇ ದಿನದಲ್ಲಿ ಬಂದು ಕೆಡವುವುದಿಲ್ಲ. ನಲವತ್ತರ ಆಚೀಚಿನ ವಯಸ್ಸು, ಗಂಡಸರಿಗಿಂತ ಹೆಂಗಸರೇ ಹೆಚ್ಚು. ಮೊದಲು ಸೊಂಟ ನೋವು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು. ಆಮೇಲೆ ಮೆಟ್ಟಿಲು ಹತ್ತುವಾಗ ಕಾಲು ಹೇಳಿದ ಮಾತು ಕೇಳುವುದಿಲ್ಲ. ಬಿಗಿದುಕೊಂಡ ಕಾಲನ್ನು ಎಳೆದೆಳೆದು ಹಾಕುವುದರಿಂದ ಚಪ್ಪಲಿಯ ಮುಂತುದಿ ನೆಲಕ್ಕೆ ಉಜ್ಜಿ ಸವೆಯುತ್ತದೆ. ವೈದ್ಯರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಜೋರಾಗಿ ಒದೆಯುತ್ತದೆ. ಅಂಗಾಲಿನ ಮೇಲೆ ಗೀರಿದರೆ ಹೆಬ್ಬೆರಳು ಕೆಳಕ್ಕೆ ಬಾಗುವ ಬದಲು ಮೇಲಕ್ಕೆ ಏಳುತ್ತದೆ. ಮಾತು, ಬುದ್ಧಿ, ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಪೆಟ್ಟು ಬಿದ್ದಿರುವುದು ಬೆನ್ನುಹುರಿಗೆ, ಅದರಲ್ಲೂ ಎದೆಯ ಮಟ್ಟದ ಭಾಗಕ್ಕೆ.

ಜಮೈಕಾದಲ್ಲಿ ಇಂಥವರನ್ನು ಸಾಲಾಗಿ ಕಂಡವರು ಇ. ಕೆ. ಕ್ರುಕ್‌ಶ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಅವರು ಸಿಂಗಪುರದ ಚಾಂಗಿ ಸೆರೆಶಿಬಿರದಲ್ಲಿ ಜಪಾನೀಯರ ಕೈದಿಯಾಗಿದ್ದ ವೈದ್ಯ. ಹೊಟ್ಟೆಗಿಲ್ಲದೆ ಸೊರಗಿದ ಕೈದಿಗಳ ಪಾದ ಉರಿಯುವುದನ್ನು, ನರಗಳು ಸೋಲುವುದನ್ನು ಕಣ್ಣಾರೆ ಕಂಡು ಬರೆದಿಟ್ಟವರು. 1956ರಲ್ಲಿ ಅವರು ಜಮೈಕಾದ 100 ರೋಗಿಗಳ ವಿವರ ಪ್ರಕಟಿಸಿದರು. ಕಾರಣ ಖಚಿತವಿಲ್ಲ ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡರು. ಬಡವರ ಕಾಯಿಲೆ ಅಂದಮೇಲೆ ಅನುಮಾನ ಊಟದ ತಟ್ಟೆಯ ಮೇಲೆ ಹೋಗುವುದು ಸಹಜ. ಪೌಷ್ಟಿಕಾಂಶದ ಕೊರತೆ ಇರಬಹುದು, ಮರಗೆಣಸಿನಲ್ಲಿರುವ ಸಯನೈಡ್ ಇರಬಹುದು ಎಂದರು. ಸಿಫಿಲಿಸ್ ಎಂದವರೂ ಇದ್ದರು, ಅದರ ಹತ್ತಿರದ ಸಂಬಂಧಿಯಾದ ಯಾಸ್ ಎಂಬ ಚರ್ಮರೋಗ ಎಂದವರೂ ಇದ್ದರು.

1964ರಲ್ಲಿ ಆರ್. ಡಿ. ಮಾಂಟ್‌ಗೊಮರಿ, ಕ್ರುಕ್‌ಶ್ಯಾಂಕ್ ಮತ್ತು ಸಂಗಡಿಗರು ಸತ್ತ ರೋಗಿಗಳ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ವರದಿ ಮಾಡಿದರು. ಹುರಿಯಲ್ಲೂ ಅದರ ಹೊದಿಕೆಯಲ್ಲೂ ಉರಿಯೂತ, ರಕ್ತನಾಳಗಳ ಸುತ್ತ ಗುಂಪುಗೂಡಿದ ಬಿಳಿ ರಕ್ತಕಣಗಳು. ನನ್ನನ್ನು ಬಹಳ ಕಾಡುವ ಘಟ್ಟ ಇದು. ಬರೀ ಅರೆಹೊಟ್ಟೆಯಿಂದ ಸೊರಗಿದ ನರದಲ್ಲಿ ಇಂಥ ದಂಡು ಸೇರುವುದಿಲ್ಲ. ಯಾವುದರ ಮೇಲೋ ಯುದ್ಧ ನಡೆದಾಗಲೇ ಅದು ಸೇರುವುದು. ಯಾರ ಮೇಲೆ ಯುದ್ಧ ಎಂದು ತೋರಿಸುವ ಸಾಧನ ಮಾತ್ರ ಆಗ ಯಾರ ಕೈಯಲ್ಲೂ ಇರಲಿಲ್ಲ. ಗಾಜಿನ ಪಟ್ಟಿಯ ಮೇಲಿದ್ದ ಆ ಸುಳಿವು ಇಪ್ಪತ್ತು ವರ್ಷ ಹಾಗೆಯೇ ಕಾಯಿತು.

ಇದೇ ಮಾಂಟ್‌ಗೊಮರಿಯವರ ಹೆಸರು 1969ರಲ್ಲಿ ನಮ್ಮ ಕಡೆಯ ಒಂದು ಪ್ರಬಂಧದಲ್ಲೂ ಕಾಣುತ್ತದೆ. ಬೆಂಗಳೂರಿನ ನರರೋಗ ತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ಕಂಡ, ಕಾಲು ಬಿಗಿಹಿಡಿದು ಸೋಲುವ ಇಂಥದೇ ಕಾಯಿಲೆಯನ್ನು ಅದರಲ್ಲಿ ದಾಖಲಿಸಿದರು. (ಮುಂದೆ ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳಿಗೆ ಅಗ್ಗದ ಮಾತ್ರೆಯಿಂದಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿದ ಮಣಿಯವರೇ ಇವರು.) ಕೊಲಂಬಿಯಾದ ಕರಾವಳಿಯ ತುಮಾಕೊದಿಂದ, ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಿಂದಲೂ ವರದಿಗಳು ಬಂದವು. ಎಲ್ಲವನ್ನೂ ಒಟ್ಟು ಸೇರಿಸಿ ‘ಉಷ್ಣವಲಯದ ಬಿಗಿಗಾಲು’ ಎಂಬರ್ಥದ ಹೆಸರಿಟ್ಟರು. ಆ ಹೆಸರಿನಲ್ಲಿ ಭೂಗೋಳ ಇತ್ತು, ಲಕ್ಷಣ ಇತ್ತು, ಕಾರಣ ಇರಲಿಲ್ಲ.

ಕಾರಣಕ್ಕೆ ದಾರಿ ತೆರೆದದ್ದು ರಕ್ತದ ಕ್ಯಾನ್ಸರ್ ಹುಡುಕುತ್ತಿದ್ದವರು. 1977ರಲ್ಲಿ ಕ್ಯೋಟೋದ ಕಿಯೋಶಿ ತಕತ್ಸುಕಿ ಮತ್ತು ಸಂಗಡಿಗರು ವಯಸ್ಕರಿಗೆ ಬರುವ ಹೊಸ ಬಗೆಯ ರಕ್ತ ಕ್ಯಾನ್ಸರನ್ನು ವಿವರಿಸಿದರು. ಅದರ ಕೋಶಗಳನ್ನು ಗುರುತಿಸುವುದು ಸುಲಭ: ನಡುವಿನ ಕೋಶಬೀಜ ದುಂಡಗಿರದೆ ಎಸಳು ಎಸಳಾಗಿ ಸೀಳಿಕೊಂಡಿರುತ್ತದೆ, ಅದಕ್ಕೇ ಹೂ-ಕೋಶ ಎನ್ನುತ್ತಾರೆ. ಅವರು ಇನ್ನೊಂದು ಸಂಗತಿಯನ್ನೂ ಗಮನಿಸಿದರು: ರೋಗಿಗಳಲ್ಲಿ ಬಹುಪಾಲು ಜನ ಹುಟ್ಟಿದ್ದು ದಕ್ಷಿಣದ ಕ್ಯೂಶು ದ್ವೀಪದಲ್ಲಿ. ಹುಟ್ಟೂರು ಕೇಳುವ ಆ ಸಾದಾ ಪ್ರಶ್ನೆಯೇ ಸೋಂಕಿನ ಅನುಮಾನ ಹುಟ್ಟಿಸಿತು. ಅತ್ತ ಅಮೆರಿಕದಲ್ಲಿ ರಾಬರ್ಟ್ ಗ್ಯಾಲೊ ಅವರ ಪ್ರಯೋಗಾಲಯ ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ-ಕೋಶಗಳನ್ನು ದೇಹದ ಹೊರಗೆ ಬೆಳೆಸುವುದನ್ನು ಕಲಿತಿತ್ತು. 1980ರಲ್ಲಿ ಬರ್ನಾರ್ಡ್ ಪೊಯೆಸ್ ಮತ್ತು ಗ್ಯಾಲೊ ಒಬ್ಬ ರೋಗಿಯ ಕ್ಯಾನ್ಸರ್ ಕೋಶಗಳಲ್ಲಿ ರೆಟ್ರೊವೈರಸ್ (ಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುವ ಬಗೆಯ ವೈರಸ್) ಸಿಕ್ಕಿದ್ದನ್ನು ಪ್ರಕಟಿಸಿದರು. ಮನುಷ್ಯರಲ್ಲಿ ಪತ್ತೆಯಾದ ಮೊದಲ ರೆಟ್ರೊವೈರಸ್ ಅದು, ಎಚ್‌ಟಿಎಲ್‌ವಿ-1. ಜಪಾನಿನ ಯೊರಿಯೊ ಹಿನುಮಾ ಕೂಡ ಮರುವರ್ಷ ಅಲ್ಲಿನ ಕ್ಯಾನ್ಸರಿನ ಜೊತೆಗೆ ವೈರಸ್ಸನ್ನು ಕಂಡರು. ಎರಡೂ ಒಂದೇ ಎಂದು ಬೇಗನೆ ತಿಳಿಯಿತು. ಲಂಡನ್ನಿನಲ್ಲಿ ನೆಲೆಸಿದ್ದ ಕೆರಿಬಿಯನ್ ಮೂಲದವರಲ್ಲೂ ಅದೇ ಕ್ಯಾನ್ಸರ್, ಅದೇ ವೈರಸ್ ಕಂಡಿತು. ಅಂದರೆ ಕೆರಿಬಿಯನ್ ದ್ವೀಪಗಳ ಜನರ ರಕ್ತದಲ್ಲೂ ಇದು ಇರಬೇಕು.

ಆ ದ್ವೀಪಗಳಲ್ಲಿ ಒಂದು ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್. ಅಲ್ಲಿನ ಫೋರ್-ದ-ಫ್ರಾನ್ಸ್ ಪಟ್ಟಣದಲ್ಲಿ ನರರೋಗ ತಜ್ಞ ಜಾನ್-ಕ್ಲೋದ್ ವೆರ್ನಾಂ ಕಾಲು ಬಿಗಿದ ರೋಗಿಗಳನ್ನು ನೋಡುತ್ತಿದ್ದರು. ಯುವ ಸಂಶೋಧಕ ಆಂತ್ವಾನ್ ಜೆಸ್ಸೆನ್, ವೈರಸ್ ತಜ್ಞ ಗಿ ದ ತೇ ಮತ್ತು ವೆರ್ನಾಂ ಸೇರಿ ಆ ರೋಗಿಗಳ ರಕ್ತದಲ್ಲಿ ಎಚ್‌ಟಿಎಲ್‌ವಿ-1ರ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಿದರು. 17 ರೋಗಿಗಳಲ್ಲಿ 10 ಮಂದಿಗೆ ಇತ್ತು. ಹೋಲಿಕೆಗೆ ತೆಗೆದುಕೊಂಡ 303 ಜನರಲ್ಲಿ ಇದ್ದದ್ದು 13 ಮಂದಿಗೆ, ಅಂದರೆ ನೂರಕ್ಕೆ ನಾಲ್ಕು. 1985ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿ ಪುಟಗಳ ಲೆಕ್ಕದಲ್ಲಿ ಚಿಕ್ಕದು. ಕ್ಯಾನ್ಸರಿಗೆಂದು ರೂಪಿಸಿದ ಪರೀಕ್ಷೆ ಬೆನ್ನುಹುರಿಯ ರೋಗಕ್ಕೆ ಉತ್ತರ ಹೇಳಿತ್ತು. ಕೆಲವೇ ತಿಂಗಳಲ್ಲಿ ಜಮೈಕಾ ಮತ್ತು ಕೊಲಂಬಿಯಾದ ರೋಗಿಗಳಲ್ಲೂ ಇದೇ ಪ್ರತಿಕಾಯ ಸಿಕ್ಕಿತು.

ಭೂಮಿಯ ಇನ್ನೊಂದು ಬದಿಯಲ್ಲಿ, ಕ್ಯೂಶು ದ್ವೀಪದ ತೆಂಕಣ ತುದಿಯ ಕಾಗೊಶಿಮಾದಲ್ಲಿ, ಮಿತ್ಸುಹಿರೊ ಒಸಾಮೆ ತಮ್ಮದೇ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. ಕಾಲು ಸೋತ ರೋಗಿಯ ಬೆನ್ನಿನಿಂದ ನೀರು ತೆಗೆದು ನೋಡಿದರೆ ಅದರಲ್ಲಿ ಹೂ-ಕೋಶದಂಥ ಕೋಶಗಳು! ಆ ರೋಗಿಗೆ ರಕ್ತದ ಕ್ಯಾನ್ಸರ್ ಇರಲಿಲ್ಲ. ಬೇರೆ ಊರಿನ ವೈದ್ಯರಾಗಿದ್ದರೆ ಇದನ್ನು ಕಂಡೂ ಗುರುತಿಸುತ್ತಿದ್ದರೋ ಇಲ್ಲವೋ. ಆ ಕ್ಯಾನ್ಸರಿನ ತವರಲ್ಲೇ ಕೆಲಸ ಮಾಡುತ್ತಿದ್ದವರಿಗೆ ಆ ಆಕಾರ ಚೆನ್ನಾಗಿ ಪರಿಚಿತ. 1986ರಲ್ಲಿ ಒಸಾಮೆ ಇದೊಂದು ಹೊಸ ಕಾಯಿಲೆ ಎಂದು ಘೋಷಿಸಿ, ಎಚ್‌ಟಿಎಲ್‌ವಿ-1ಕ್ಕೆ ಸಂಬಂಧಿಸಿದ ಬೆನ್ನುಹುರಿ ರೋಗ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ‘ಹ್ಯಾಮ್’ ಎಂದು ಹೆಸರಿಟ್ಟರು. ಎರಡು ವರ್ಷದ ನಂತರ ಕಾಗೊಶಿಮಾದಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕರೆದ ಸಭೆ ಕೆರಿಬಿಯನ್ನಿನ ರೋಗ, ಜಪಾನಿನ ರೋಗ ಎರಡೂ ಒಂದೇ ಎಂದು ಒಪ್ಪಿಕೊಂಡಿತು. ಜಪಾನ್ ಉಷ್ಣವಲಯದ ದೇಶವೂ ಅಲ್ಲ, ಆಗ ಅಲ್ಲಿ ಹಸಿವೂ ಇರಲಿಲ್ಲ. ಹಳೆಯ ವಿವರಣೆಗಳು ಇಷ್ಟರಿಂದಲೇ ಸಡಿಲವಾದವು.

ಮಾರ್ಟಿನೀಕಿನ ಉಳಿದ ಏಳು ಮಂದಿಯನ್ನು ಮರೆಯಬಾರದು. ಅವರ ರಕ್ತದಲ್ಲಿ ವೈರಸ್ಸಿನ ಗುರುತಿರಲಿಲ್ಲ. ದಕ್ಷಿಣ ಭಾರತದಲ್ಲೂ ಮುಂದೆ ಪರೀಕ್ಷಿಸಿದಾಗ ಕೆಲವು ರೋಗಿಗಳಲ್ಲಿ ಅದು ಸಿಕ್ಕಿತು, ಎಲ್ಲರಲ್ಲೂ ಅಲ್ಲ. ಒಂದೇ ಹೆಸರಿನಡಿ ಹಲವು ಕಾಯಿಲೆಗಳು ಸೇರಿಕೊಂಡಿದ್ದವು, ಅವುಗಳಲ್ಲಿ ಒಂದನ್ನು ಈ ಶೋಧ ಬೇರ್ಪಡಿಸಿ ಕೊಟ್ಟಿತು.

ಈ ವೈರಸ್ ನರಕ್ಕೆ ನೇರವಾಗಿ ಹೊಡೆಯುವುದಕ್ಕಿಂತ ಹೆಚ್ಚಾಗಿ ಟಿ-ಕೋಶಗಳೊಳಗೆ ವಾಸಿಸುತ್ತದೆ. ಸೋಂಕಿದ ಕೋಶಗಳು ಬೆನ್ನುಹುರಿಗೆ ನುಗ್ಗುತ್ತವೆ. ಅವನ್ನು ಕೊಲ್ಲಲು ದೇಹದ ಇತರ ಟಿ-ಕೋಶಗಳು ಹಿಂದೆಯೇ ಬರುತ್ತವೆ. ಅವು ವೈರಸ್ಸಿನ ‘ಟ್ಯಾಕ್ಸ್’ ಎಂಬ ಪ್ರೋಟೀನನ್ನು ಗುರಿಯಿಡುತ್ತವೆ ಎಂಬುದು 1990ರ ಹೊತ್ತಿಗೆ ತಿಳಿಯಿತು. ಆ ಕಾಳಗದಲ್ಲಿ ಪಕ್ಕದ ನರತಂತುಗಳು ಹಾಳಾಗುತ್ತವೆ ಎಂಬುದೇ ಇವತ್ತಿಗೂ ಹೆಚ್ಚು ಜನ ಒಪ್ಪುವ ವಿವರಣೆ. 1964ರಲ್ಲಿ ಕಂಡ ಬಿಳಿ ರಕ್ತಕಣಗಳ ಗುಂಪಿಗೆ ಅರ್ಥ ಸಿಕ್ಕಿದ್ದು ಹೀಗೆ. ಸೋಂಕಿದವರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನಕ್ಕೆ ಜೀವನಪೂರ್ತಿ ಈ ಕಾಯಿಲೆ ಬರುವುದೇ ಇಲ್ಲ.

ವೈರಸ್ಸನ್ನು ದೇಹದಿಂದ ಓಡಿಸುವ ಔಷಧಿ ಇನ್ನೂ ಇಲ್ಲ. ಸ್ಟೀರಾಯ್ಡ್‌ಗಳು ಕೆಲವರಿಗೆ ಒಂದಿಷ್ಟು ನೆರವಾಗುತ್ತವೆ. ಆದರೆ ಇದು ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದಾಗ ಮಾಡಲು ಬೇಕಾದಷ್ಟು ಕೆಲಸ ಕಾಣಿಸಿತು. ರೋಗಿಗಳಲ್ಲಿ ಹಲವರು ಹಿಂದೆ ರಕ್ತ ಪಡೆದವರು ಎಂಬುದನ್ನು ಒಸಾಮೆ ತಂಡ ಗಮನಿಸಿತ್ತು. 1986ರ ನವೆಂಬರ್‌ನಿಂದ ಜಪಾನ್ ದಾನಿಗಳ ರಕ್ತವನ್ನೆಲ್ಲ ಈ ವೈರಸ್ಸಿಗಾಗಿ ಪರೀಕ್ಷಿಸತೊಡಗಿತು. ತಾಯಿಯ ಹಾಲು ಇನ್ನೊಂದು ದಾರಿ. ನಾಗಸಾಕಿಯಲ್ಲಿ ಶಿಗೆಒ ಹಿನೊ ಮತ್ತು ಸಂಗಡಿಗರು 1987ರಲ್ಲಿ ಬಸುರಿಯರ ರಕ್ತಪರೀಕ್ಷೆ ಆರಂಭಿಸಿ, ಸೋಂಕಿದ ತಾಯಂದಿರಿಗೆ ಎದೆಹಾಲು ಬಿಟ್ಟು ಬಾಟಲಿ ಹಾಲು ಕೊಡುವಂತೆ ಸಲಹೆ ಮಾಡಿದರು. ಹೆಚ್ಚು ಕಾಲ ಎದೆಹಾಲು ಕುಡಿದ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಷ್ಟಿದ್ದ ಸೋಂಕು ಬಾಟಲಿ ಹಾಲಿನವರಲ್ಲಿ ಎರಡೂವರೆಗೆ ಇಳಿಯಿತು. ಶುದ್ಧ ನೀರಿಲ್ಲದ, ಹಾಲಿನ ಪುಡಿ ಕೊಳ್ಳಲಾಗದ ಮನೆಯ ತಾಯಿಗೆ ಈ ಸಲಹೆಯನ್ನು ಹಾಗೆಯೇ ಹೇಳುವಂತಿಲ್ಲ, ಅಲ್ಲಿ ಭೇದಿಯೇ ಮಗುವಿಗೆ ಹೆಚ್ಚು ಹತ್ತಿರದ ಅಪಾಯ. ಕಡಿಮೆ ಕಾಲ ಕುಡಿಸಿದರೆ ಸೋಂಕೂ ಕಡಿಮೆ ಎಂಬ ಅಂಶವನ್ನು ಮುಂದಿಟ್ಟು, ಎಷ್ಟು ತಿಂಗಳು ಕುಡಿಸುವುದು ಎಂದು ಅಲ್ಲಿ ತಾಯಿಯೂ ವೈದ್ಯರೂ ಕೂತು ತೀರ್ಮಾನಿಸಬೇಕಾಗುತ್ತದೆ.